ಹೆಸರಿಲ್ಲದ ರೆಗ್ಯುಲೇಟರ್

ನನ್ನ ಅಳಿಯನ ಬಲಗೈ ಮುರಿದದ್ದು ನಾನು. ಎರಡಡಿ ಉದ್ದದ ಕಬ್ಬಿಣದ ಪೈಪಿನಿಂದ, ಹಾಡಹಗಲೇ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ. ಮೊದಲ ಏಟಿಗೇ ಎಲುಬು ಮುರಿದ ಸದ್ದು ಕೇಳಿಸಿತ್ತು. ಆಮೇಲೂ ನಾಲ್ಕು ಹೊಡೆದೆ. ಪೊಲೀಸರ ಮುಂದೆಯೂ ಇದನ್ನೇ ಹೇಳಿದ್ದೇನೆ, ಒಂದು ಮಾತೂ ಮುಚ್ಚಿಟ್ಟಿಲ್ಲ. ಆದರೆ ಗೋಡೆಯ ಮೇಲಿದ್ದ ಒಂದು ರೆಗ್ಯುಲೇಟರಿನ ವಿಷಯ ತೆಗೆದಾಗ, ಬರೆದುಕೊಳ್ಳುತ್ತಿದ್ದ ಹವಾಲ್ದಾರರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅವರು ಬಿಟ್ಟದ್ದನ್ನು ನಾನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹೆಸರು ಫಕೀರಪ್ಪ. ಹುಬ್ಬಳ್ಳಿಯಲ್ಲಿ ಮೂವತ್ತೊಂದು ವರ್ಷದಿಂದ ಮನೆಗಳ ವೈರಿಂಗ್ ಮಾಡಿಕೊಂಡು ಬಂದವನು. ಯಾವ ಮನೆಗೆ ಹೋದರೂ, ಯಾತಕ್ಕೆ ಇದೆಯೆಂದು ಯಾರಿಗೂ ಗೊತ್ತಿಲ್ಲದ ಒಂದು ಸ್ವಿಚ್ಚು ಇದ್ದೇ ಇರುತ್ತದೆ. ಮನೆಯವರು ಇಪ್ಪತ್ತು ವರ್ಷ ಅದರ ಜೊತೆ ಬಾಳುವೆ ಮಾಡಿರುತ್ತಾರೆ, ಇದೇನು ಎಂದು ಕೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನನಗೆ ಅದನ್ನು ಕಂಡರೆ ಮೈ ಉರಿಯುತ್ತದೆ. ಟೆಸ್ಟರ್ ಹಿಡಿದು, ಒಂದೊಂದೇ ಹಾಕಿ ತೆಗೆದು, ಅದರ ಗುಟ್ಟು ಬಯಲು ಮಾಡಿ, ಕೆಳಗೆ ಪೆನ್ನಿನಿಂದ ಹೆಸರು ಬರೆದೇ ನಾನು ಹೊರಬೀಳುವುದು. ಹಾಲ್ ಫ್ಯಾನ್. ಬಚ್ಚಲ ಲೈಟ್. ದೇವರ ಮನೆ. ಹೆಸರು ಬರೆಯದೆ ನಾನು ಬಿಟ್ಟುಬಂದ ಸ್ವಿಚ್ಚು ಈ ಊರಿನಲ್ಲಿ ಒಂದೇ ಒಂದು. ಅದು ನನ್ನ ಮಗಳ ಮನೆಯಲ್ಲಿತ್ತು.

ಕಸ್ತೂರಿ ನನ್ನ ಒಬ್ಬಳೇ ಮಗಳು. ಅವಳ ಗಂಡ ವಿರೂಪಾಕ್ಷ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮದುವೆಯಾದ ಮೊದಲ ವರ್ಷ ಅವಳ ಕಿವಿಯ ಮೇಲೆ ಹೊಡೆದ. ಎರಡನೇ ವರ್ಷ ಮಣಿಕಟ್ಟು ಮುರಿದ. ಮೂರನೇ ವರ್ಷ ಕುದಿಯುವ ಬೇಳೆಯ ಪಾತ್ರೆ ಎತ್ತಿ ಅವಳ ತೊಡೆಯ ಮೇಲೆ ಸುರಿದ. ಆಗ ಅವರು ಗದಗದಲ್ಲಿದ್ದರು. ಎರಡು ಸಲ ಅವಳು ಓಡಿ ನನ್ನ ಮನೆಗೆ ಬಂದಳು. ಎರಡು ಸಲವೂ ನಾಲ್ಕು ಮಂದಿ ಹಿರಿಯರ ಮಾತು ಕೇಳಿ ನಾನೇ ಅವಳನ್ನು ಗದಗದ ಬಸ್ಸು ಹತ್ತಿಸಿದೆ. ಕಿಟಕಿಯಿಂದ ಅವಳ ಚೀಲ ಒಳಗೆ ತೂರಿಸಿ ಸೀಟು ಬೇರೆ ಹಿಡಿದುಕೊಟ್ಟೆ. ಮಗಳು ನಿಂತುಕೊಂಡು ಹೋಗಬಾರದಲ್ಲ.

ಮೂರನೇ ಸಲ ಅವಳು ನನ್ನ ಹತ್ತಿರ ಬರಲಿಲ್ಲ. ಕುಟುಂಬ ಸಲಹೆ ಕೊಡುವ ಒಂದು ಕಚೇರಿಗೆ ಹೋದಳು. ಅಲ್ಲಿಯವರು ಒಂದು ಮನೆಯ ಆಸೆ ತೋರಿಸಿದರು. ಹುಬ್ಬಳ್ಳಿಯ ಹೊರಗೆ ಒಂದು ಸಂಶೋಧನಾ ಸಂಸ್ಥೆಯವರು ನಲವತ್ತೆಂಟು ಮನೆಗಳ ಕಾಲೊನಿ ಕಟ್ಟಿದ್ದರು. ಬಾಡಿಗೆ ಇಲ್ಲ, ಕರೆಂಟು ಒಂದು ನಿಮಿಷವೂ ಹೋಗುವುದಿಲ್ಲ. ಹೊಡೆದಾಟದ ಕೇಸು ಇರುವ ಗಂಡ ಹೆಂಡಿರಿಗೆ ಮಾತ್ರ. ಇಬ್ಬರೂ ಹನ್ನೊಂದು ಪುಟದ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿ ಹದಿನೇಳನೇ ಮನೆಗೆ ಬಂದರು. ಬಂದ ಮೇಲೆ ಮೂರು ವರ್ಷ ವಿರೂಪಾಕ್ಷ ಕೈ ಎತ್ತಲಿಲ್ಲ. ಗ್ಯಾರೇಜಿನಲ್ಲಿ ಒಬ್ಬನ ಹಲ್ಲು ಮುರಿದದ್ದುಂಟು, ಮನೆಯಲ್ಲಿ ಮಾತ್ರ ಹಸುವಿನ ಹಾಗೆ ಇದ್ದ. ನನ್ನ ಕಥೆಯೂ ಅಷ್ಟೇ. ನನ್ನ ಮನೆಯಲ್ಲಿ ಕೂತು ಅವನನ್ನು ನೆನೆದರೆ ಹಲ್ಲು ಕಡಿಯುತ್ತಿದ್ದೆ. ಅವರ ಹೊಸಿಲು ದಾಟಿದರೆ ಎದೆ ತಣ್ಣಗಾಗುತ್ತಿತ್ತು. ಅದನ್ನು ನಾನು ಕ್ಷಮೆ ಎಂದುಕೊಂಡಿದ್ದೆ.

ಈ ಮಾರ್ಚಿನಲ್ಲಿ ಸಂಸ್ಥೆಯ ಅವಧಿ ಮುಗಿದು ಕಾಲೊನಿಯ ವಿಶೇಷ ಲೈನು ಕತ್ತರಿಸಿ ಊರಿನ ಲೈನಿಗೆ ಸೇರಿಸಿದರು. ಎಲ್ಲರ ಹಾಗೆ ಅವರಿಗೂ ಇನ್ನು ಕರೆಂಟು ಹೋಗಲು ಶುರುವಾಗುತ್ತದೆ ಎಂದು ಗೊತ್ತಾಯಿತು. ಕಸ್ತೂರಿ ಮನೆಯಲ್ಲಿ ಮೋಟಾರು ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುವವಳು, ಕೆಲಸ ನಿಲ್ಲಬಾರದೆಂದು ನಾನು ಒಂದು ಯುಪಿಎಸ್ಸು, ಬ್ಯಾಟರಿ ಹೊತ್ತುಕೊಂಡು ಭಾನುವಾರ ಬೆಳಿಗ್ಗೆ ಹೋದೆ.

ಯುಪಿಎಸ್ಸು ಕೂಡಿಸುವಾಗ ಮನೆಯ ಎಲ್ಲ ಪಾಯಿಂಟುಗಳನ್ನೂ ಅದರ ಲೈನಿಗೆ ಹಾಕುವುದಿಲ್ಲ. ಹಾಕಿದರೆ ಬ್ಯಾಟರಿ ಅರ್ಧ ತಾಸಿಗೆ ಮಲಗುತ್ತದೆ. ಒಂದು ಫ್ಯಾನು, ಎರಡು ಲೈಟು, ಟಿವಿ, ಹೀಗೆ ಬೇಕಾದದ್ದನ್ನು ಮನೆಯವರನ್ನು ಕೇಳಿ ಆರಿಸಿಕೊಳ್ಳುತ್ತೇವೆ. ಬೇಡದ್ದನ್ನು ಬಿಡುತ್ತೇವೆ. ಹಾಗೆ ಆರಿಸುತ್ತಿರುವಾಗ ಹಾಲು ಮತ್ತು ಅಡಿಗೆಮನೆಯ ನಡುವಿನ ಗೋಡೆಯಲ್ಲಿ ಅದು ಕಾಣಿಸಿತು. ಕಪ್ಪು ಬಣ್ಣದ ದುಂಡನೆಯ ರೆಗ್ಯುಲೇಟರು. ಸೊನ್ನೆಯಿಂದ ಏಳರವರೆಗೆ ಗೆರೆಗಳು. ಕಂಪನಿಯ ಹೆಸರಿಲ್ಲ. ಕೈ ಇಟ್ಟರೆ ಬೆಚ್ಚಗಿತ್ತು. ಆಯುಧಪೂಜೆಯ ದಿನ ಎಲ್ಲ ಬೋರ್ಡುಗಳ ಜೊತೆ ಅದಕ್ಕೂ ಕಸ್ತೂರಿ ಕುಂಕುಮ ಇಟ್ಟಿದ್ದಳು.

"ಇದು ಎದರದವ್ವಾ?" ಎಂದೆ.

"ಗೊತ್ತಿಲ್ಲಪಾ. ನಾವು ಬಂದಾಗಿಂದ ಏಳಕ್ಕ ಐತಿ. ಫ್ಯಾನಿಂದೂ ಅಲ್ಲ, ಲೈಟಿಂದೂ ಅಲ್ಲ."

ವಿರೂಪಾಕ್ಷ ಪೇಪರು ಓದುತ್ತ ಕೂತಿದ್ದ. "ಹೋಗ್ಲಿ ಬಿಡ್ರಿ ಮಾವಾರ," ಎಂದ. ಆದರೆ ನಾನು ಬಿಡುವವನೇ? ಸೊನ್ನೆಗೆ ತಿರುಗಿಸಿ ನಮ್ಮ ಪದ್ಧತಿಯ ಪ್ರಕಾರ ಕೂಗಿದೆ.

"ಕಸ್ತೂರಿ, ಏನರ ಹೋತನ?"

"ಏನೂ ಹೋಗಿಲ್ಲ. ಎಲ್ಲಾ ಹಂಗ ಅದಾವ," ಎಂದು ಅವಳು ಒಳಗಿನಿಂದ ಕೂಗಿದಳು. ಅವಳು ಉಳ್ಳಾಗಡ್ಡಿ ಹೆಚ್ಚುತ್ತಿದ್ದ ಸದ್ದು ನಿಂತಿತು.

ನಾನು ಟಕ್ ಟಕ್ ಎಂದು ಮತ್ತೆರಡು ಸಲ ತಿರುಗಿಸಿ ಸೊನ್ನೆಗೇ ತಂದು ನಿಲ್ಲಿಸಿದೆ. ಯಾಕೋ ಗದಗದ ಬಸ್ಸಿನ ಕಿಟಕಿ, ಅದರೊಳಗೆ ಕೂತ ಇವಳ ಮುಖ ಕಣ್ಣಿಗೆ ಕಟ್ಟಿತು. ಬಾಯಿ ಕಹಿಯಾಯಿತು. ಬೆನ್ನ ಹಿಂದೆ, ಮೂರು ವರ್ಷದಿಂದ ಕೇಳಿರದ ಒಂದು ದನಿ ಎದ್ದಿತು.

"ಆ ಟಕಟಕ ಸಾಕು ಮಾಡ್ತೀರೋ, ನಾ ಎದ್ದು ಬರಬೇಕೋ?"

ವಿರೂಪಾಕ್ಷ ಪೇಪರನ್ನು ಮುದ್ದೆ ಮಾಡಿ ಹಿಡಿದಿದ್ದ. ನಾನು ರೆಗ್ಯುಲೇಟರನ್ನು ಏಳಕ್ಕೆ ತಂದೆ. ಅರ್ಧ ನಿಮಿಷವಾದ ಮೇಲೆ ಅವನು ಪೇಪರು ಸರಿಮಾಡಿಕೊಂಡು, "ಚಾ ಕುಡೀತೀರೇನ್ರಿ ಮಾವಾರ?" ಎಂದ. ಒಳಗೆ ಉಳ್ಳಾಗಡ್ಡಿ ಹೆಚ್ಚುವ ಸದ್ದು ಮತ್ತೆ ಶುರುವಾಯಿತು.

ಮೂವತ್ತೊಂದು ವರ್ಷದ ಅನುಭವ ಇದ್ದ ನನ್ನ ತಲೆಗೆ ಇದು ಹೊಳೆಯಲಿಲ್ಲ. ನಾನು ಯಾವ ದೀಪ ಆರಿತು ಎಂದು ಹುಡುಕುತ್ತಿದ್ದೆ, ಮನುಷ್ಯರ ಕಡೆ ನೋಡಲಿಲ್ಲ. ಯಾತಕ್ಕೂ ಬಾರದ ಪಾಯಿಂಟಿಗೆ ಬ್ಯಾಟರಿ ಯಾಕೆ ಸುಡಬೇಕೆಂದು ಅದೊಂದನ್ನು ಬಿಟ್ಟು ಉಳಿದದ್ದನ್ನು ಯುಪಿಎಸ್ ಲೈನಿಗೆ ಹಾಕಿದೆ. ಅದರ ಕೆಳಗೆ ಹೆಸರು ಬರೆಯುವ ಜಾಗ ಖಾಲಿ ಬಿಟ್ಟೆ.

ಆ ಮಧ್ಯಾಹ್ನ ಕಾಲೊನಿಯ ಇನ್ನೊಂದು ತುದಿಯ ಕಟ್ಟಡದಲ್ಲಿ ಏನು ನಡೆಯುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಅಲ್ಲಿ ಡಾಕ್ಟರ್ ಅನಸೂಯಾ ಕಟ್ಟೀಮನಿ ಒಬ್ಬರೇ ಕೂತಿದ್ದರು. ಈ ಮನೆಗಳನ್ನು ಯೋಚಿಸಿ ಕಟ್ಟಿಸಿದವರು ಅವರೇ. ಅವರ ಮುಂದಿನ ಹಲಗೆಯ ಮೇಲೆ ನಲವತ್ತೆಂಟು ಹಸಿರು ದೀಪ, ಮನೆಗೊಂದರಂತೆ. ಲೈನು ಬದಲಿಸಬೇಡಿ ಎಂದು ಅವರು ಮೇಲಿನವರಿಗೆ ಆರು ಪತ್ರ ಬರೆದಿದ್ದರು, ಒಂದಕ್ಕೂ ಉತ್ತರ ಬಂದಿರಲಿಲ್ಲ. ಮೂರು ಗಂಟೆ ಐದು ನಿಮಿಷಕ್ಕೆ ಊರಿನ ಲೈನು ಹೋಯಿತು. ನಲವತ್ತೆಂಟೂ ದೀಪ ಒಮ್ಮೆಲೇ ಆರಿದವು. ಅವರು ಚಪ್ಪಲಿ ಮೆಟ್ಟದೆ ಬಿಸಿಲಿಗೆ ಓಡಿದರು.

ಬೀದಿಯಲ್ಲಿ ಅವರು ನಿರೀಕ್ಷಿಸದೇ ಇದ್ದದ್ದು ಕಾಣಿಸಿತು. ಬೇಸಿಗೆಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತರೆ ನಮ್ಮ ಮಂದಿ ಒಳಗೆ ಕೂಡುವುದಿಲ್ಲ. ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಕಟ್ಟೆಗೆ, ಮರದ ಬುಡಕ್ಕೆ ಬಂದಿದ್ದರು. ಹೊರಗೂ ಹೊಡೆದಾಟ ಎದ್ದಿತು. ಒಬ್ಬ ಹೆಂಡತಿಯ ಕಡೆ ಕಲ್ಲು ಬೀಸಿದ, ಇನ್ನೊಬ್ಬಳು ಗಂಡನ ಮುಖ ಪರಚಿದಳು. ಆದರೆ ನೂರು ಮಂದಿಯ ಕಣ್ಣಿತ್ತು, ಹಿಡಿದು ಎಳೆಯಲು ಕೈಗಳಿದ್ದವು. ಡಾಕ್ಟರು ಮನೆಗಳನ್ನು ಎಣಿಸಿದರು. ನಲವತ್ತೇಳು ಮನೆಯವರು ಹೊರಗಿದ್ದರು. ಹದಿನೇಳನೆಯ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಟಿವಿ ಹಾಡುತ್ತಿತ್ತು, ಕಿಟಕಿಯಲ್ಲಿ ಫ್ಯಾನು ತಿರುಗುವುದು ಕಾಣುತ್ತಿತ್ತು.

ಒಳಗೆ ನಾವು ತಡವಾಗಿ ಊಟಕ್ಕೆ ಕೂತಿದ್ದೆವು. ಯುಪಿಎಸ್ಸಿನ ರಿಲೇ ಬ್ಯಾಟರಿಗೆ ಹೊರಳಿ ಟಕ್ ಎಂದದ್ದು ಕೇಳಿ ನನಗೆ ಹಿಗ್ಗು. "ಕರೆಂಟ್ ಹೋತು ನೋಡವ್ವಾ, ಲೈಟು ಮಿಣುಕಲೂ ಇಲ್ಲ," ಎಂದೆ. ಯಾರೂ ಎದ್ದು ಹೊರಗೆ ಹೋಗುವ ಕಾರಣವೇ ಇರಲಿಲ್ಲ.

"ರೊಟ್ಟಿ ಆರ್ಯಾವ," ಎಂದ ವಿರೂಪಾಕ್ಷ.

"ಈಗ ಬಿಸಿ ಮಾಡಿ ತರ್ತೀನಿ, ತಡೀರಿ," ಎಂದಳು ಕಸ್ತೂರಿ.

"ತಡೀ ಅಂತ ನನಗ ಹೇಳ್ತಿ ಏನ?"

ಅವನ ಊಟದ ತಾಟು ಹಾರಿಬಂತು. ಅದರ ಅಂಚು ಅವಳ ಹುಬ್ಬು ಸೀಳಿತು. ಅವಳು ಕಣ್ಣಿಗೆ ಇಳಿದ ರಕ್ತ ಒರೆಸಿಕೊಳ್ಳುವಷ್ಟರಲ್ಲಿ ಅವನು ಅವಳ ಜಡೆ ಹಿಡಿದು ಎಳೆದು ಹಣೆಯನ್ನು ಹೊಲಿಗೆ ಮಷಿನ್ನಿನ ಮೂಲೆಗೆ ಬಡಿದ. ಒಂದು ಸಲ. ಎರಡು ಸಲ. ಎರಡನೆಯದಕ್ಕೆ ಅವಳ ಕಾಲು ಕುಸಿದವು. ಮಷಿನ್ನಿನ ಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅವನು ಅದನ್ನು ಬಲಗೈಯಲ್ಲಿ ಎತ್ತಿಕೊಂಡ.

ಅರ್ಥಿಂಗ್ ಹಾಕಿ ಉಳಿದ ಪೈಪಿನ ತುಂಡು ನನ್ನ ಚೀಲದ ಪಕ್ಕದಲ್ಲಿತ್ತು. ಮೊದಲ ಏಟು ಮಗಳನ್ನು ಉಳಿಸಲು ಹೊಡೆದದ್ದು, ಅದನ್ನು ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ. ಕತ್ತರಿ ಬಿತ್ತು, ಮುಂಗೈ ಮಣಿಕಟ್ಟಿನ ಮೇಲೆ ಇನ್ನೊಂದು ಕೀಲು ಇದ್ದ ಹಾಗೆ ಬಾಗಿತು. ಉಳಿದ ನಾಲ್ಕು ಏಟು ಉಳಿಸಲು ಹೊಡೆದದ್ದಲ್ಲ. ಮೊಣಕಾಲಿಗೆ ಒಂದು, ಪಕ್ಕೆಗೆ ಎರಡು, ಬಿದ್ದವನ ಬೆನ್ನಿಗೆ ಒಂದು. ಅವನು ಕೂಗಿದಷ್ಟೂ ನನಗೆ ಸುಖವಾಗುತ್ತಿತ್ತು. ಕೊಂದುಬಿಡಬೇಕೆಂದೇ ಇತ್ತು.

ಪೈಪನ್ನು ಹಿಂದಿನಿಂದ ಯಾರೋ ಕಸಿದರು. ಕಸ್ತೂರಿ. ಗಂಡನನ್ನು ಉಳಿಸಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಗಂಡನ ಕಡೆ ನೋಡಲೂ ಇಲ್ಲ. ಎರಡೂ ಕೈಯಿಂದ ಬೀಸಿ ನನ್ನ ಎಡ ಹೆಗಲಿಗೆ ಹೊಡೆದಳು. ಕೊರಳೆಲುಬು ಮುರಿದು ನಾನು ಗೋಡೆಗೆ ಬಿದ್ದೆ.

"ನೀ ಹತ್ತಿಸಿದಿ ನನ್ನ ಬಸ್ಸು," ಎಂದಳು. ದನಿ ಏರಿಸಲಿಲ್ಲ. "ಎರಡು ಸಲ. ಸೀಟು ಹಿಡಿದು ಹತ್ತಿಸಿದಿ. ಇಂವ ಏನು ಮಾಡ್ತಾನಂತ ಗೊತ್ತಿತ್ತು ನಿನಗ."

ಪೈಪು ಮತ್ತೆ ಮೇಲೆದ್ದಿತು. ಈ ಸಲ ಅದು ನನ್ನ ತಲೆಗೆ. ಅವಳ ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು, ಇನ್ನೊಂದು ಕಣ್ಣಿನಲ್ಲಿ ನನ್ನ ಮೇಲೆ ಎಳ್ಳಷ್ಟೂ ಕರುಣೆ ಇರಲಿಲ್ಲ. ಅದು ನ್ಯಾಯವೇ ಎಂದು ಆ ಗಳಿಗೆಯಲ್ಲೂ ನನಗೆ ಅನಿಸಿತು.

ಆಗ ರಿಲೇ ಟಕ್ ಎಂದಿತು. ಕರೆಂಟು ಬಂತು.

ಅವಳು ಪೈಪು ಎತ್ತಿಕೊಂಡೇ ನಿಂತಳು. ನಾನು ನೋಡುತ್ತಿದ್ದ ಹಾಗೇ ಅವಳ ಕಣ್ಣು ಮಂಕಾಯಿತು, ಕೈಗಳು ಮೆಲ್ಲಗೆ ಕೆಳಗಿಳಿದವು. ಪೈಪನ್ನು ಗೋಡೆಗೆ ಒರಗಿಸಿ, ಗಲ್ಲದಿಂದ ಸೀರೆಗೆ ರಕ್ತ ತೊಟ್ಟಿಕ್ಕುತ್ತಿರುವಾಗ, ಅವಳು ಹೇಳಿದಳು:

"ಅಪ್ಪಾ, ರೊಟ್ಟಿ ಬಿಸಿ ಮಾಡ್ಲೇನು?"

ನೆಲದ ಮೇಲಿನಿಂದ ವಿರೂಪಾಕ್ಷ, "ಮಾವಾರ, ನನ್ನ ಕೈ ಮುರದೈತಿ ಅನಸ್ತೈತ್ರಿ," ಎಂದ. ದೂರು ಕೂಡ ಅಲ್ಲ, ಸುಮ್ಮನೆ ತಿಳಿಸಿದ ಹಾಗೆ. ನನಗೂ ಅವನ ಮೇಲೆ ಏನೂ ಉಳಿದಿರಲಿಲ್ಲ. ರಕ್ತ, ಪಲ್ಯ, ರೊಟ್ಟಿ ಹರಡಿದ ಆ ಕೋಣೆಯಲ್ಲಿ ನಾವು ಮೂವರೂ ಬೀಗರ ಮನೆಯಲ್ಲಿ ಇದ್ದ ಹಾಗೆ ಮರ್ಯಾದೆಯಿಂದ ಇದ್ದೆವು. ಹೊಡೆದಾಟಕ್ಕಿಂತ ನನಗೆ ಹೆದರಿಕೆಯಾದದ್ದು ಆಗ.

ಒಂದು ಟಕ್ಕಿಗೆ ಶುರು, ಇನ್ನೊಂದು ಟಕ್ಕಿಗೆ ಬಂದ್. ಮನೆಯಲ್ಲಿ ನಾನು ಯುಪಿಎಸ್ ಲೈನಿಗೆ ಹಾಕದೇ ಬಿಟ್ಟದ್ದು ಯಾವುದು? ಗೋಡೆ ಹಿಡಿದು ಎದ್ದು ಹೋಗಿ ಆ ಕಪ್ಪು ರೆಗ್ಯುಲೇಟರನ್ನು ಮುಟ್ಟಿದೆ. ಬೆಚ್ಚಗಾಗುತ್ತಿತ್ತು. ಡಾಕ್ಟರು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದರು.

ಆಸ್ಪತ್ರೆ, ಪೊಲೀಸು, ಜಾಮೀನು ಎಲ್ಲ ಮುಗಿದ ಮೂರನೇ ದಿನ ನಾನು ಹೆಗಲಿಗೆ ಪಟ್ಟಿ ಕಟ್ಟಿಕೊಂಡು ಡಾಕ್ಟರ ಕಟ್ಟಡಕ್ಕೆ ಹೋದೆ. ಹಲಗೆಯ ಮೇಲೆ ನಲವತ್ತೆಂಟೂ ಹಸಿರು ದೀಪ ಉರಿಯುತ್ತಿದ್ದವು.

"ಗೋಡಿಯೊಳಗ ತಾಮ್ರದ ಸುರುಳಿ ಅದಾವ, ಫಕೀರಪ್ಪನವರ," ಎಂದರು ಅವರು. "ಸಿಟ್ಟು ತಲಿಯೊಳಗ ಹುಟ್ಟಿ ಕೈಗೆ ಇಳಿಯೂ ಹಾದಿ ಒಂದದ. ಸುರುಳಿ ಆ ಹಾದಿ ಕಟ್ತದ. ರೆಗ್ಯುಲೇಟರ್ ಏಳಕ್ಕಿದ್ರ ಪೂರಾ ಬಂದ್."

"ಸಿಟ್ಟು ಹೋಗ್ತೈತೇನ್ರಿ?"

"ಇಲ್ಲ. ಒಳಗ ಕೂಡ್ತದ. ಮನಿ ಬಿಟ್ಟು ಹೊರಗ ಬಂದ್ರ ತಿರುಗಿ ಏಳ್ತದ."

"ಮತ್ತ ಅದಕ್ಕೊಂದು ಹೆಸರು ಯಾಕ ಬರೀಲಿಲ್ರಿ?"

"ಬರದ್ರ ಗಂಡಸರು ಮೊದಲನೇ ದಿನಾನ ಬಂದ್ ಮಾಡ್ತಿದ್ರು." ಅವರೇ ಮುಂದುವರಿಸಿದರು, "ನಮ್ಮಕ್ಕನ್ನ ಗಂಡನ ಮನಿಯವರು ಸುಟ್ಟು ಕೊಂದ್ರು. ನಾ ಆಗ ಕಾಲೇಜಿನ್ಯಾಗಿದ್ದೆ. ಬ್ಯಾರೆ ಯಾರಿಗೂ ಹಂಗ ಆಗಬಾರದು ಅಂತ ಇದನ್ನ ಮಾಡಿದೆ. ಮೂರು ವರ್ಷ ಈ ನಲವತ್ತೆಂಟು ಮನಿಯೊಳಗ ಒಂದು ಪೆಟ್ಟು ಬಿದ್ದಿಲ್ಲ."

ಅವರ ಕಣ್ಣು ತುಂಬಿದ್ದವು. ನನಗೆ ಅವರ ಮೇಲೆ ಮರುಕವೂ ಬಂತು, ಕೆಟ್ಟ ಕೋಪವೂ ಬಂತು. "ಈ ಮೂರು ವರ್ಷದಾಗ ಎಷ್ಟು ಮಂದಿ ಹೆಣ್ಮಕ್ಕಳು ಮನಿ ಬಿಟ್ಟು ಹೋಗ್ಯಾರ್ರಿ ಬಾಯಾರ?" ಎಂದು ಕೇಳಿದೆ.

"ಒಬ್ರೂ ಇಲ್ಲ," ಎಂದರು. ಅದನ್ನು ಅವರು ಇಷ್ಟು ದಿನ ಗೆಲುವು ಎಂದು ವರದಿಯಲ್ಲಿ ಬರೆಯುತ್ತಿದ್ದರು.

ಎಲ್ಲ ಮನೆಗಳ ರೆಗ್ಯುಲೇಟರನ್ನೂ ಬ್ಯಾಟರಿಯ ಲೈನಿಗೆ ಹಾಕಿಕೊಡುತ್ತೀರಾ ಎಂದು ಅವರು ಕೇಳಿದರು. ಮೊದಲು ನಲವತ್ತೆಂಟು ಮನೆಯಲ್ಲೂ ಹೆಸರು ಬರೆಯಿರಿ, ಆಮೇಲೆ ಮನೆಯವರೇ ನನ್ನನ್ನು ಕರೆಯಲಿ ಎಂದು ಹೇಳಿ ಎದ್ದೆ.

ಕಸ್ತೂರಿಯನ್ನು ಗೇಟಿನ ಹೊರಗೆ ಕರೆದು, ಬೇವಿನ ಮರದ ಕೆಳಗೆ ನಿಲ್ಲಿಸಿ ಎಲ್ಲವನ್ನೂ ಹೇಳಿದೆ. ಹುಬ್ಬಿನ ಮೇಲೆ ಅವಳಿಗೆ ಆರು ಹೊಲಿಗೆ ಬಿದ್ದಿದ್ದವು.

"ಅಂದ್ರ ನನ್ನ ಸಿಟ್ಟನ್ನೂ ಅದು ಕಟ್ಟಿ ಹಾಕಿತ್ತು," ಎಂದಳು.

"ಹೂಂನವ್ವಾ."

"ಹೊರಗ ನಲ್ಲಿಗೆ ನೀರಿಗೆ ಬಂದಾಗೆಲ್ಲಾ ಇವತ್ತ ಬಿಟ್ಟು ಹೋಗಬೇಕು ಅನಸ್ತಿತ್ತು. ಸೀರಿ-ಅರಬಿ ತಗೊಳ್ಳಾಕ ಒಳಗ ಹೋದ್ರ, ಯಾಕ ಹೋಗಬೇಕು ಅನ್ನೂದು ಮರ್ತು ಹೋಗ್ತಿತ್ತು. ಮೂರು ವರ್ಷ. ನನಗ ಹುಚ್ಚು ಹಿಡದೈತಿ ಅಂತ ತಿಳಿದಿದ್ದೆ ಅಪ್ಪಾ."

ಹಾಗೆಂದು ಅವಳು ನೆಟ್ಟಗೆ ಒಳಗೆ ನಡೆದಳು. ನಾನು ಹಿಂದೆ ಹೋದೆ. ವಿರೂಪಾಕ್ಷ ಪ್ಲಾಸ್ಟರು ಹಾಕಿದ ಕೈ ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದ. ನಿಂತರೆ ತನಗೂ ಮರೆತುಹೋಗುತ್ತದೆ ಎಂದು ಗೊತ್ತಿದ್ದವಳ ಹಾಗೆ ಅವಳು ಎಲ್ಲೂ ನಿಲ್ಲದೆ ಗೋಡೆಯ ಹತ್ತಿರ ಹೋಗಿ ರೆಗ್ಯುಲೇಟರನ್ನು ಏಳರಿಂದ ಸೊನ್ನೆಗೆ ತಿರುಗಿಸಿದಳು. ಆಮೇಲೆ ಮಷಿನ್ನಿನ ತಲೆಯನ್ನು ಮೇಜಿನಿಂದ ಬಿಚ್ಚತೊಡಗಿದಳು.

ಅರ್ಧ ನಿಮಿಷದಲ್ಲಿ ಅವನ ಮುಖ ಬದಲಾಯಿತು. "ಎಲ್ಲಿಗೆ ಹೊಂಟಿ?"

"ಹೊಂಟೀನಿ."

ಅವನು ಎದ್ದು ಮುಂದೆ ಬರುತ್ತ ಎಡಗೈಗೆ ಸಿಕ್ಕ ತಂಬಿಗೆ ಎತ್ತಿ ಬೀಸಿದ. ಅದು ಅವಳ ಬೆನ್ನಿಗೆ ಬಡಿದು ನೀರು ಚೆಲ್ಲಿತು. ಅವಳು ತಿರುಗಿ ಕತ್ತರಿಯನ್ನು ಕೈಗೆತ್ತಿಕೊಂಡಳು, ಮೊನೆ ಅವನ ಹೊಟ್ಟೆಯ ನೇರಕ್ಕೆ.

"ಇನ್ನೊಂದು ಹೆಜ್ಜಿ ಇಡ್ರಿ ನೋಡೋಣು," ಎಂದಳು.

ಪೈಪು ಪೊಲೀಸರ ಹತ್ತಿರವಿತ್ತು, ಇಲ್ಲದಿದ್ದರೆ ಏನು ಮಾಡುತ್ತಿದ್ದೆನೋ. ನನ್ನ ಮೈಯೆಲ್ಲ ಅವನ ಕುತ್ತಿಗೆ ಕೇಳುತ್ತಿತ್ತು. ಆದರೆ ಅವಳ ವಿಷಯದಲ್ಲಿ ನಾನು ಎರಡು ಸಲ ಕೈ ಹಾಕಿದ್ದೆ, ಮೂರನೇ ಸಲ ಹಾಕುವ ಹಕ್ಕು ನನಗಿರಲಿಲ್ಲ. ಬಲಗೈಯಿಂದ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದು ನಿಂತೆ. ವಿರೂಪಾಕ್ಷ ಕತ್ತರಿ ನೋಡಿದ, ಅವಳ ಮುಖ ನೋಡಿದ. ಹೊಲಸು ಬೈಯುತ್ತ ಕುರ್ಚಿಗೆ ಕುಸಿದ. ಬೈಗುಳದ ನಡುವೆಯೇ ಅವಳು ನಾಲ್ಕು ಸೀರೆ ಮಡಚಿ ಚೀಲಕ್ಕೆ ತುರುಕಿ, ಮಷಿನ್ನಿನ ತಲೆಯನ್ನು ಚಾದರದಲ್ಲಿ ಸುತ್ತಿ ಬಗಲಿಗೆ ಹಾಕಿಕೊಂಡು ಹೊರಬಿದ್ದಳು.

ಅವನು ಬೆನ್ನುಹತ್ತಲು ಎದ್ದ. ನಾನು ರೆಗ್ಯುಲೇಟರನ್ನು ಏಳಕ್ಕೆ ತಿರುಗಿಸಿ ಬಾಗಿಲಿಗೆ ಅಡ್ಡ ನಿಂತೆ. ಅವನು ನನ್ನನ್ನು ದೂಡಿದ, ಮುರಿದ ಹೆಗಲಿಗೇ ಗುದ್ದಿದ. ನಾನು ಬಿಡಲಿಲ್ಲ. ಮೂರನೇ ಗುದ್ದು ಅರ್ಧದಲ್ಲೇ ಸೋತು ನಿಂತಿತು. "ಚಾ ಮಾಡಾಕ ಯಾರೂ ಇಲ್ಲ ನೋಡ್ರಿ ಮಾವಾರ," ಎಂದು ಹೋಗಿ ಕೂತ.

ಜೇಬಿನಿಂದ ಪೆನ್ನು ತೆಗೆದು ಖಾಲಿ ಜಾಗದಲ್ಲಿ ಬರೆದೆ: ಸಿಟ್ಟು. ಸ್ವಲ್ಪ ಯೋಚಿಸಿ ಅದರ ಕೆಳಗೆ ಮತ್ತೆ ಬರೆದೆ: ಎಲ್ಲರದೂ. ಬರೆಯುವಷ್ಟರಲ್ಲಿ ನನ್ನ ಎದೆಯೂ ತಣ್ಣಗಾಗಿತ್ತು. ಹೆಗಲ ನೋವಿದ್ದರೂ ಅದು ಯಾಕೆ ಮುರಿಯಿತು ಎಂಬುದು ದೂರದ ಮಾತಾಗಿತ್ತು. ಗದಗದ ಬಸ್ಸೂ ದೂರವಾಗಿತ್ತು. ಅಲ್ಲಿ ಬಹಳ ಆರಾಮವಿತ್ತು. ಇನ್ನೊಂದು ಸ್ವಲ್ಪ ಹೊತ್ತು ಕೂಡೋಣ ಎನಿಸಿತು.

"ಅಪ್ಪಾ, ಬರ್ತೀಯೋ, ಅಲ್ಲೇ ಇರ್ತೀಯೋ?" ಎಂದು ಗೇಟಿನಿಂದ ಕಸ್ತೂರಿ ಕೂಗಿದಳು. ನಾನು ಹೊರಗೆ ಬಂದೆ. ಬೇವಿನ ಮರ ದಾಟುವಷ್ಟರಲ್ಲಿ ಎಲ್ಲವೂ ತಿರುಗಿ ಬಂತು.

ಅವಳು ನನ್ನ ಮನೆಗೆ ಬರಲು ಒಪ್ಪಲಿಲ್ಲ. ಬೆಳಗಾವಿಯಲ್ಲಿ ಅವಳ ಜೊತೆ ಹೊಲಿಗೆ ಕಲಿತ ಗೆಳತಿಯೊಬ್ಬಳಿದ್ದಳು, ಅಲ್ಲಿಗೆ ಹೊರಟಳು. ಬಸ್ಸು ಬಂದಾಗ ಮಂದಿ ಮುತ್ತಿಕೊಂಡರು. ಅಭ್ಯಾಸದಂತೆ ನಾನು ಅವಳ ಚೀಲಕ್ಕೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಕಿಟಕಿಯಿಂದ ತಾನೇ ಚೀಲ ಒಳಗೆ ತೂರಿಸಿ, ಮಷಿನ್ನಿನ ತಲೆಯನ್ನು ಎದೆಗೆ ಅವಚಿಕೊಂಡು, ಮೊಣಕೈಯಿಂದ ದಾರಿ ಮಾಡಿಕೊಂಡು ಹತ್ತಿದಳು. ನಾನು ಕಿಟಕಿಯ ಕೆಳಗೆ ನಿಂತೆ. ಬಸ್ಸು ಶುರುವಾಗುವ ತನಕ ಅವಳು ನನ್ನ ಕಡೆ ನೋಡಲಿಲ್ಲ.

ಆಮೇಲೆ ನೋಡಿದಳು. "ನಿನ್ನ ಹೊಡದಿದ್ದಕ್ಕ ತಪ್ಪಾತು ಅಂತ ನಾ ಅನ್ನಂಗಿಲ್ಲ," ಎಂದಳು.

"ಅನಬ್ಯಾಡವ್ವಾ," ಎಂದೆ.

ಬಸ್ಸು ಬೆಳಗಾವಿಯ ಕಡೆ ಹೊರಟಿತು.